ಹರಿಗೋಲು ಹತ್ತಿ ಹೇಳು

ಬಹಳ ಹಿಂದೆ, ನಮ್ಮ ಹೊಳೆಗೆ ಇನ್ನೂ ಸೇತುವೆ ಬಾರದ ಕಾಲದಲ್ಲಿ, ತೊರೆಮಟ್ಟಿ ಎಂಬ ಊರಿನಲ್ಲಿ ಅಡಿವೆಪ್ಪ ಎಂಬುವನಿದ್ದ. ಹರಿಗೋಲು ಹಾಕುವುದು ಅವನ ಕಸುಬು. ನಾನು ಅವನನ್ನು ನೋಡಿಲ್ಲ. ನನ್ನ ಅಜ್ಜನೂ ನೋಡಿರಲಿಲ್ಲ. ನೋಡಿದ್ದೇನೆ ಎನ್ನುವವರು ಸಿಕ್ಕರೆ ನಂಬಬೇಡಿ. ನಾನು ಕೇಳಿದ್ದನ್ನು ಹೇಳುತ್ತೇನೆ, ಎರಡು ಬಗೆಯಾಗಿ ಕೇಳಿದ್ದರೆ ಎರಡು ಬಗೆ ಎಂದೇ ಹೇಳುತ್ತೇನೆ.

ದಂಡೆಯ ಮೇಲೆ ನಿಂತು, ಇಳಿದು ಬರುವ ಜನರನ್ನು ಒಮ್ಮೆ ನೋಡಿದರೆ ಸಾಕು, ಯಾರನ್ನು ಎಲ್ಲಿ ಕೂರಿಸಬೇಕು ಅಂತ ಅವನಿಗೆ ತಿಳಿಯುತ್ತಿತ್ತಂತೆ. ನೀನು ಇಲ್ಲಿ, ನೀನು ಅಲ್ಲಿ, ಆಡಿನ ಮರಿ ಅಕ್ಕನ ತೊಡೆಯ ಮೇಲೆ, ಜೋಳದ ಚೀಲ ನಡುವೆ. ಅಷ್ಟೇ. ಹರಿಗೋಲಿನೊಳಗೆ ಒಂದು ಹನಿ ನೀರು ಬರುತ್ತಿರಲಿಲ್ಲವಂತೆ. ಒಮ್ಮೆ ತುಂಬು ಹೊಳೆಯಲ್ಲಿ ಒಬ್ಬ ಬಸುರಿಯನ್ನು ದಾಟಿಸುವಾಗ ನಡುನೀರಿನಲ್ಲೇ ಹೆರಿಗೆಯಾಯಿತಂತೆ. ಕೂಸು ಅಳುವ ತನಕ ಹೊಳೆಯೇ ನಿಂತಿತ್ತು ಎನ್ನುವವರಿದ್ದಾರೆ. ಹೊಳೆ ನಿಲ್ಲುವುದಿಲ್ಲ. ಹರಿಗೋಲು ನಿಂತಿರಬೇಕು. ಆದರೆ ಹರಿಯುವ ಹೊಳೆಯಲ್ಲಿ ಹರಿಗೋಲು ನಿಲ್ಲುವುದೇನು ಸಣ್ಣ ಮಾತೇ?

ಈಗ ಆಟದ ಮಾತು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯ ನಡುವೆ ಒಂದು ಉಸುಕಿನ ದಿಬ್ಬ ಏಳುತ್ತಿತ್ತು. ಅದು ಈ ದಂಡೆಯ ತೊರೆಮಟ್ಟಿಯದೂ ಅಲ್ಲ, ಆಚೆ ದಂಡೆಯ ಕರಿಗಡ್ಡಿಯದೂ ಅಲ್ಲ. ವರ್ಷಕ್ಕೊಮ್ಮೆ ಅಲ್ಲಿ ಎರಡೂ ಊರಿನವರು ಹುತುತು ಆಡುತ್ತಿದ್ದರು. ಈಗ ನೀವು ಕಬಡ್ಡಿ ಎನ್ನುವುದು ಅದನ್ನೇ. ಈ ಕಡೆ ಏಳು ಜನ, ಆ ಕಡೆ ಏಳು ಜನ, ನಡುವೆ ಒಂದು ಗೆರೆ. ಪಣ ಬೆಳ್ಳಿಯಲ್ಲ, ಬಂಗಾರವಲ್ಲ. ಹೊಳೆಗೆ ಇದ್ದದ್ದು ಒಂದೇ ಹರಿಗೋಲು. ಗೆದ್ದ ಊರಿನ ದಂಡೆಗೆ ಅದನ್ನು ಒಂದು ವರ್ಷ ಕಟ್ಟಬೇಕು. ಸೋತ ಊರಿನವರಿಗೆ ಸೂಲಗಿತ್ತಿ ಬೇಕಾದರೂ, ಔಷಧ ಬೇಕಾದರೂ ತಮ್ಮ ದಂಡೆಯಲ್ಲಿ ನಿಂತು ಕೂಗಬೇಕು, ಹರಿಗೋಲು ಬರುವ ತನಕ ಕಾಯಬೇಕು.

ಹರಿಗೋಲು ಎಲ್ಲಿಯೋ ಅಂಬಿಗನೂ ಅಲ್ಲಿಯೇ. ಸೋತರೆ ಅಡಿವೆಪ್ಪ ತನ್ನ ಮನೆಗೆ ಬೀಗ ಹಾಕಿ, ಹೆಂಡತಿಯನ್ನು ಕರೆದುಕೊಂಡು, ಆಚೆ ದಂಡೆಯಲ್ಲಿ ಚಪ್ಪರ ಹಾಕಿಕೊಂಡು ವರ್ಷ ಕಳೆಯಬೇಕು. ಆದ್ದರಿಂದಲೇ ಏಳು ಜನರನ್ನು ಆರಿಸುವ ಕೆಲಸ ತೊರೆಮಟ್ಟಿಯವರು ಅವನಿಗೆ ಬಿಟ್ಟಿದ್ದರು. ಸೋತರೆ ಮನೆ ಬಿಡುವವನು ಯಾರೋ ಆರಿಸುವವನೂ ಅವನೇ ಆಗಲಿ ಎಂದು ಹಿರಿಯರು ಹೇಳಿದ್ದರಂತೆ. ಇದಕ್ಕಿಂತ ನ್ಯಾಯವಾದ ಏರ್ಪಾಡನ್ನು ನಾನು ಎಲ್ಲಿಯೂ ಕಂಡಿಲ್ಲ.

ಅವನು ಆರಿಸುತ್ತಿದ್ದ ರೀತಿಯೇ ಬೇರೆ. ಆಡುವ ಗಂಡಸರನ್ನೆಲ್ಲ ಹರಿಗೋಲಿಗೆ ಹತ್ತಿಸಿಕೊಂಡು ನಡುನೀರಿಗೆ ಒಯ್ದು, ಹುಟ್ಟಿನಿಂದ ಒಮ್ಮೆ ಗಿರ್ರನೆ ತಿರುಗಿಸಿಬಿಡುತ್ತಿದ್ದನಂತೆ. ಅಂಚನ್ನು ಹಿಡಿದುಕೊಳ್ಳುವವರು ಯಾರು, ಪಕ್ಕದವನನ್ನು ಹಿಡಿಯುವವರು ಯಾರು ಅಂತ ನೋಡುತ್ತಿದ್ದನಂತೆ. ಅಷ್ಟರಲ್ಲೇ ಅವನ ಏಳು ಜನ ಅವನಿಗೆ ಸಿಗುತ್ತಿದ್ದರಂತೆ.

ಆ ವರ್ಷ ಅವನು ಕೆಂಚಪ್ಪನನ್ನು ಬಿಟ್ಟ. ಕೆಂಚಪ್ಪ ಎಂದರೆ ಎರಡೂ ದಂಡೆಗೆ ಹೆಸರಾದ ದಾಳಿಗಾರ. ಅವನು ದಮ್ಮು ಹಿಡಿದು ಹೋದರೆ ಆಚೆಯವರು ತಮ್ಮ ಹಿಂದಿನ ಗೆರೆಯ ತನಕ ಸರಿಯುತ್ತಿದ್ದರು. ಅವನನ್ನು ಬಿಟ್ಟು, ಪಿಂಜಾರರ ಲಾಲಸಾಬನನ್ನು ಎಡಮೂಲೆಗೆ ಹಾಕಿದ. ಲಾಲಸಾಬ ಹತ್ತಿ ಹಿಂಜುವವನು, ಮಾತು ಕಡಿಮೆ. ಆದರೆ ಅವನು ಹಿಡಿದ ಕಾಲು ಬಿಟ್ಟದ್ದಿಲ್ಲ ಎಂದು ಹೇಳುತ್ತಾರೆ.

ಆ ದಿನ ಕೈ ಬಿಟ್ಟಿತು.

ಎರಡೂ ಕಡೆ ಸಮಸಮ. ಹೊತ್ತು ಮುಗಿಯುತ್ತ ಬಂದಿತ್ತು. ಕರಿಗಡ್ಡಿಯ ಕೊನೆಯ ದಾಳಿ. ಬಂದವನು ಒಬ್ಬನನ್ನು ಮುಟ್ಟಿ ತಿರುಗಿದ. ಲಾಲಸಾಬ ಹಾರಿ ಅವನ ಹಿಮ್ಮಡಿಯ ಮೇಲೆ ಕೈ ಹಾಕಿದ. ತೊರೆಮಟ್ಟಿಯ ಜನವೆಲ್ಲ ಎದ್ದು ನಿಂತಿತು. ಹಿಡಿದ ಕೈ ಜಾರಿತು. ದಾಳಿಗಾರ ಉಸುಕಿನಲ್ಲಿ ಬೋರಲಾಗಿ ಬಿದ್ದು, ಬೆರಳ ತುದಿಯಿಂದ ಗೆರೆ ಮುಟ್ಟಿದ. ಒಂದೇ ಒಂದು ಅಂಕ. ದಿಬ್ಬದ ಅಂಚಿನಲ್ಲಿ ಕೂತಿದ್ದ ಕೆಂಚಪ್ಪ ಹೆಗಲ ಮೇಲಿನ ವಲ್ಲಿಯನ್ನು ತಲೆಯ ಮೇಲೆ ಹಾಕಿಕೊಂಡನಂತೆ.

ಮರುದಿನ ಹೊತ್ತು ಮುಳುಗುವುದರೊಳಗೆ ಹರಿಗೋಲು ಆಚೆ ಹೋಗಬೇಕು. ಅಡಿವೆಪ್ಪನ ಹೆಂಡತಿ ಹಾಸಿಗೆ, ಪಾತ್ರೆ ಗಂಟು ಕಟ್ಟಿ ದಂಡೆಗೆ ತಂದಿಟ್ಟಳು. ಊರೆಲ್ಲ ದಂಡೆಗೆ ಬಂತು. ಬೀಳ್ಕೊಡುವುದಕ್ಕಲ್ಲ, ಬೈಯುವುದಕ್ಕೆ.

"ಕೆಂಚ್ಯಾ ಒಬ್ಬಾವ ಇದ್ದಿದ್ರ ಆಟ ಮಧ್ಯಾಹ್ನಕ್ಕ ಮುಗೀತಿತ್ತು."

"ಮನ್ಯಾಗ ಹುಲಿ ಕಟ್ಟಿಟ್ಟು, ಕುರಿ ಬಿಟ್ರ ಮತ್ತೇನಾಕ್ಕೈತಿ?"

"ಹತ್ತಿ ಹಿಂಜಾವನ ಕೈಯಾಗ ಕಾಲು ಕೊಟ್ರ, ಕಾಲೂ ಹತ್ತಿಹಂಗ ಹಾರಿ ಹೋತು ನೋಡ್ರಿ."

ಎಲ್ಲರೂ ನಕ್ಕರು. ಲಾಲಸಾಬ ಅಲ್ಲಿರಲಿಲ್ಲ. ಅವನಿಲ್ಲದ್ದಕ್ಕೇ ನಗು ಜೋರಾಗಿತ್ತು. ಎಲ್ಲರಿಗಿಂತ ದೊಡ್ಡ ಧ್ವನಿ ವೀರನಗೌಡನದು, ಊರಿನ ಗೌಡ. ಇನ್ನು ಮೇಲೆ ಆರಿಸುವುದು ಅಂಬಿಗನ ಕೆಲಸವಲ್ಲ, ಅದನ್ನು ಗೌಡಿಕೆಯ ಕಟ್ಟೆಯ ಮೇಲೆ ಮಾಡುತ್ತೇವೆ ಎಂದ. ಹಾಗಾದರೆ ಮುಂದಿನ ವರ್ಷ ಏಳರಲ್ಲಿ ಐವರು ಗೌಡನ ಅಳಿಯಂದಿರೇ ಇರುತ್ತಾರೆ ಎಂಬುದು ಅಲ್ಲಿದ್ದ ಕೂಸಿಗೂ ಗೊತ್ತಿತ್ತು. ಆದರೂ ಸಿಟ್ಟಿನಲ್ಲಿ ಎಲ್ಲರೂ ಹೌದು ಹೌದು ಎಂದರು.

ಅಡಿವೆಪ್ಪ ಹರಿಗೋಲಿನ ಪಕ್ಕ ಕೂತು ಎಲ್ಲವನ್ನೂ ಕೇಳಿದ. ಮಾತು ತೀರಿದ ಮೇಲೆ ಎದ್ದು, ಆಡಿದ ಏಳೂ ಜನರಿಗೆ ಹೇಳಿ ಕಳಿಸಿದ. ಅವರು ಬಂದರು. ಲಾಲಸಾಬ ಕೊನೆಯವನಾಗಿ, ತಲೆ ತಗ್ಗಿಸಿ ಬಂದ. ಏಳೂ ಜನರನ್ನು ಹರಿಗೋಲಿಗೆ ಹತ್ತಿಸಿ ದುಂಡಗೆ ಕೂರಿಸಿ, ಅಡಿವೆಪ್ಪ ಊರಿನ ಕಡೆ ತಿರುಗಿದ. ಅವನ ಆಗಿನ ಮಾತು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ.

"ಕೆಂಚ್ಯಾ ಇರಬೇಕಿತ್ತು ಅಂತೀರಿ. ಬರೋಬ್ಬರಿ. ಏಳೇ ಜಾಗ. ಒಬ್ಬಾವ ಒಳಗ ಬರಬೇಕಂದ್ರ ಒಬ್ಬಾವ ಇಳೀಬೇಕು. ಯಾರು ಇಳೀಬೇಕಂತ ಹರಿಗೋಲು ಹತ್ತಿ, ಅವನ ಮಾರಿ ನೋಡಿ ಹೇಳ್ರಿ. ಹೇಳಿದವ್ರ ಕೈಯಾಗ ಈ ಹುಟ್ಟು ಕೊಡ್ತೀನಿ. ಮುಂದಿನ ವರ್ಷ ಅವ್ರ ಆರಿಸ್ಲಿ."

ಆಗ ನೀರಿನ ಸದ್ದೇ ಅಡಗಿತು ಎನ್ನುತ್ತಾರೆ. ಅದು ಹೇಳುವವರು ಸೇರಿಸಿದ್ದು.

ವೀರನಗೌಡ ಮುಂದೆ ಬಂದ. ಒಂದು ಕಾಲು ಹರಿಗೋಲಿನೊಳಗೆ ಇಟ್ಟ. ಲಾಲಸಾಬ ತಲೆ ಎತ್ತಿ ಅವನನ್ನು ನೋಡಿದ. ನೋಡಿದ, ಅಷ್ಟೇ. ಗೌಡ ಕಾಲು ಹಿಂದಕ್ಕೆ ತೆಗೆದು, ಚಪ್ಪಲಿಗೆ ಕೆಸರು ಹತ್ತಿತು ಎಂದು ಕಲ್ಲಿಗೆ ಒರೆಸತೊಡಗಿದ. ಹತ್ತಿಯ ಮಾತಾಡಿ ನಗಿಸಿದವನು ಯಾರದೋ ಬೆನ್ನ ಹಿಂದೆ ಸರಿದ. ಆಗ ಜನ ಕೆಂಚಪ್ಪನನ್ನು ಮುಂದಕ್ಕೆ ದೂಡಿದರು. ಅನ್ಯಾಯ ಆದದ್ದು ನಿನಗೆ, ನೀನೇ ಹೇಳು ಎಂದರು.

ಕೆಂಚಪ್ಪ ಹತ್ತಲಿಲ್ಲ. ದಂಡೆಯಲ್ಲೇ ನಿಂತು ಹೇಳಿದ. ಆಟಕ್ಕೆ ಮೊದಲೇ ಅಡಿವೆಪ್ಪ ತನ್ನೊಬ್ಬನನ್ನೇ ನಡುನೀರಿಗೆ ಒಯ್ದಿದ್ದನಂತೆ. ದಾಳಿಯಿಂದ ಬಂದ ಮೇಲೆ ನೀನು ಜನರ ಚಪ್ಪಾಳೆಯ ಕಡೆ ನೋಡುತ್ತೀ, ಪಕ್ಕದವನ ಕಡೆ ನೋಡುವುದಿಲ್ಲ, ಅದಕ್ಕೆ ನಿನ್ನನ್ನು ಬಿಡುತ್ತಿದ್ದೇನೆ, ಬೈಯುವುದಿದ್ದರೆ ಈಗ ಬೈ ಎಂದಿದ್ದನಂತೆ.

"ಬೈದೆ. ಅವರವ್ವನ ತನಕ ಹೋಗಿ ಬೈದೆ. ಕೇಳ್ಕೊಂಡು ಕೂತಿದ್ದ. ನಂದು ಅಲ್ಲೇ ಮುಗೀತು. ನೀವು ನನ್ನ ಹೆಸರು ಹಿಡದು ನಿಮ್ಮ ಸಿಟ್ಟು ಯಾಕ ತೀರಿಸ್ಕೋತೀರಿ?"

ಆಗ ಹಿಂದಿನಿಂದ ನೀಲವ್ವ ಬಂದಳು. ಆಟದ ದಿನ ದಿಬ್ಬದ ಮೇಲೆ ಎಲ್ಲರಿಗೂ ಮಜ್ಜಿಗೆ ಹಾಕುತ್ತಿದ್ದ ಹೆಂಗಸು. ಸೀರೆ ಮೇಲಕ್ಕೆತ್ತಿ ಸಿಕ್ಕಿಸಿ, ಯಾರ ಕೈಯೂ ಹಿಡಿಯದೆ ಹರಿಗೋಲು ಹತ್ತಿದಳು. ಜನ ನಗಬೇಕೋ ಬೇಡವೋ ಎಂದು ನೋಡುತ್ತಿದ್ದರು. ಅವಳು ಲಾಲಸಾಬನ ಎದುರಿಗೆ ಕೂತಳು.

"ಲಾಲಾ, ಯಪ್ಪಾ, ನಾನಾಗಿದ್ರ ನಿನ್ನ ತೆಗೀತಿದ್ದೆ."

ಲಾಲಸಾಬ ಬಲಗೈ ಮುಚ್ಚಿಕೊಂಡ.

"ಕೆಂಚ್ಯಾನ ಸಲುವಾಗಿ ಅಲ್ಲ, ಅವ ಹೊರಗ ಇದ್ದದ್ದ ಚಲೋ. ನಿನ್ನ ಮೂಲ್ಯಾಗ, ಹೊರಗ ಉಳದಿದ್ದ ಆ ಪರಸಪ್ಪನ್ನ ಹಾಕ್ತಿದ್ದೆ. ನೀ ಮಜ್ಜಿಗಿ ಚರಿಗಿ ಎಡಗೈಲೆ ಇಸ್ಕೊಂಡಿ. ಹುಟ್ಟಿದಾಗಿಂದ ನೋಡೀನಿ, ನೀ ಎಡಚ ಅಲ್ಲ. ಬಲಗೈ ತೋರ್ಸು."

ಲಾಲಸಾಬ ಮುಚ್ಚಿದ ಕೈಯನ್ನು ಮುಂದೆ ಚಾಚಿದ. ಆಮೇಲೆ ಬಿಚ್ಚಿದ. ಅಂಗೈಗೆ ಅಡ್ಡವಾಗಿ ಚರ್ಮ ಎದ್ದು, ಕೆಂಪು ಮಾಂಸ ಕಾಣುತ್ತಿತ್ತು. ಹತ್ತಿ ಹಿಂಜುವ ಬಿಲ್ಲಿನ ಹಿಡಿ ಉಜ್ಜಿ ಉಜ್ಜಿ ಆದ ಗಾಯ.

"ಹೌದವ್ವಾ," ಎಂದ. "ಹೇಳಿದ್ರ ಹೊರಗ ಕೂಡಿಸ್ತಾರಂತ ಹೇಳ್ಲಿಲ್ಲ. ಒಮ್ಮೆ ದಿಬ್ಬದ ಮ್ಯಾಲ ಆಡಬೇಕಂತ ಭಾಳ ಆಸೆ ಇತ್ತು."

ಗೌಡ ದಂಡೆಯಿಂದಲೇ ಗುಡುಗಿದ. ಆಟದ ಹೊತ್ತಿನಲ್ಲಿ ಅಷ್ಟೊಂದು ಹತ್ತಿ ಹಿಂಜುವ ಕೆಲಸ ಯಾರು ಕೊಟ್ಟರು ಇವನಿಗೆ ಎಂದ.

ನೀಲವ್ವ ತಿರುಗಿಯೂ ನೋಡಲಿಲ್ಲ. "ನಿಮ್ಮ ಮಗಳ ಮದುವಿ ಗಾದಿ, ಗೌಡ್ರ. ಹಗಲೂ ರಾತ್ರಿ ಕೂತು ಮುಗಸಂತ ಅಂದವ್ರು ನೀವ."

ಗೌಡ ಮತ್ತೆ ಚಪ್ಪಲಿ ಒರೆಸತೊಡಗಿದನಂತೆ. ಅವನ ಹಿಂದೆ ನಿಂತಿದ್ದ ಯಾರೋ, ಇಷ್ಟೆಲ್ಲ ಗೊತ್ತಿದ್ದರೆ ಆಟಕ್ಕೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಬಾಯಿ ತೆರದಿದ್ದೆ. ಇದು ಗಂಡಸರ ಆಟ, ಮಜ್ಜಿಗಿ ಹಾಕಿ ದೂರ ಸರೀ ಅಂದ್ರಿ. ಸರದೆ. ಸರೀಬಾರದಿತ್ತು. ಅದು ನಂದು ತಪ್ಪು."

ಈಗ ಅಡಿವೆಪ್ಪನ ಸರದಿ. ಇಡೀ ಹೊಳೆಸಾಲಿನಲ್ಲಿ ಮನುಷ್ಯರನ್ನು ಕೂತ ಭಂಗಿಯಿಂದಲೇ ಅಳೆಯುವವನು ಎಂದು ಹೆಸರಾದವನಿಗೆ ಒಂದು ಅಂಗೈ ಕಾಣಿಸಿರಲಿಲ್ಲ. ಹರಿಗೋಲು ತಿರುಗಿಸಿದಾಗ ಲಾಲಸಾಬ ಪಕ್ಕದವನನ್ನು ಹಿಡಿದದ್ದನ್ನು ಅವನು ನೋಡಿದ್ದ. ಯಾವ ಕೈಯಿಂದ ಎಂದು ನೋಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಪ್ಪನ್ನು ಗಾಯ ಮುಚ್ಚಿಟ್ಟವನ ಮೇಲೆ ಹಾಕಿ ಮುಗಿಸುತ್ತಿದ್ದರು. ಊರೂ ಅದನ್ನೇ ಬಯಸುತ್ತಿತ್ತು.

ಅಡಿವೆಪ್ಪ ಹಾಗೆ ಮಾಡಲಿಲ್ಲ. ನೋಡಬೇಕಾದವನು ನಾನು, ನೋಡಲಿಲ್ಲ ಎಂದನಂತೆ. ಲಾಲಸಾಬನ ಕೈಗೆ ತನ್ನ ವಲ್ಲಿಯ ಅಂಚು ಹರಿದು ಕಟ್ಟಿದ. ಆಮೇಲೆ ಎರಡೂ ಕೈಯಲ್ಲಿ ಹುಟ್ಟು ಎತ್ತಿ ನೀಲವ್ವನ ಮುಂದೆ ಹಿಡಿದ. ಅವನ ಅಪ್ಪನ ಕೈಯಿಂದ ಬಂದ ಹುಟ್ಟು ಅದು.

ಹೊತ್ತು ಮುಳುಗುತ್ತಿತ್ತು. ಏಳೂ ಜನ ಇಳಿದ ಮೇಲೆ ಗಂಡ ಹೆಂಡತಿ ಗಂಟುಗಳನ್ನು ಹರಿಗೋಲಿಗೆ ಹಾಕಿದರು. ಹುಟ್ಟು ನೀಲವ್ವನ ಕೈಯಲ್ಲಿತ್ತು, ಆದ್ದರಿಂದ ಆಚೆ ದಂಡೆಯ ತನಕ ಅವಳೇ ಹಾಕಿದಳಂತೆ. ಅಡಿವೆಪ್ಪ ಪ್ರಯಾಣಿಕನ ಹಾಗೆ, ಅವಳು ತೋರಿಸಿದ ಜಾಗದಲ್ಲಿ, ಕೈಕಟ್ಟಿ ಕೂತಿದ್ದನಂತೆ. ಬೆಳಿಗ್ಗೆಯಿಂದ ಬೈದವರೆಲ್ಲ ನೀರಿಗೆ ಇಳಿದು, ಮೊಣಕಾಲುಮಟ್ಟ ನಿಂತು, ಹರಿಗೋಲು ಚಿಕ್ಕದಾಗುವ ತನಕ ನೋಡಿದರಂತೆ. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ.

ಆಚೆ ಮುಟ್ಟಿದ ಮೇಲೆ ದಾಟಿಸುವ ಹುಟ್ಟನ್ನು ನೀಲವ್ವ ಅವನಿಗೇ ಮರಳಿ ಕೊಟ್ಟು, ಆರಿಸುವ ಕೆಲಸವನ್ನಷ್ಟೇ ಇಟ್ಟುಕೊಂಡು ಈ ದಂಡೆಗೆ ಬಂದಳಂತೆ. ಆ ವರ್ಷವಿಡೀ ಈ ದಂಡೆಯಿಂದ ಯಾರು ಕೂಗಿದರೂ, ಕೂಗು ಮುಗಿಯುವ ಮೊದಲೇ ನೀರಿನಲ್ಲಿ ಹುಟ್ಟಿನ ಸದ್ದು ಕೇಳುತ್ತಿತ್ತಂತೆ. ಅಡಿವೆಪ್ಪ ಮಲಗುತ್ತಲೇ ಇರಲಿಲ್ಲ ಎನ್ನುತ್ತಾರೆ. ಮಲಗದ ಮನುಷ್ಯನಿಲ್ಲ. ತೊರೆಮಟ್ಟಿಯ ಕಡೆ ಕಿವಿ ಇಟ್ಟು ಮಲಗುತ್ತಿದ್ದಿರಬೇಕು.

ನೀಲವ್ವ ಆರಿಸಿದ ಮೊದಲ ವರ್ಷವೇ ಗೆದ್ದರು ಎಂದು ಕೆಲವರು. ಮತ್ತೂ ಸೋತರು, ಆಮೇಲೆ ಗೆದ್ದರು ಎಂದು ಕೆಲವರು. ಹರಿಗೋಲು ಮರಳಿ ಬಂದ ದಿನ ನಡುಗೆರೆಯ ಹತ್ತಿರ ಕೊನೆಯ ಕಾಲು ಹಿಡಿದವನು ಲಾಲಸಾಬ, ಅವನ ಪಕ್ಕ ನಿಂತು ಅವನನ್ನು ಹಿಡಿದವನು ಕೆಂಚಪ್ಪ ಎಂಬುದನ್ನು ಎರಡೂ ಬಗೆ ಹೇಳುವವರು ಒಪ್ಪುತ್ತಾರೆ. ಅವರೆಲ್ಲ ಒಪ್ಪುವುದರಿಂದ ನಾನೂ ಒಪ್ಪುತ್ತೇನೆ.

ಈಗ ಸೇತುವೆ ಬಂದಿದೆ. ಹರಿಗೋಲು ದಾಟಿಸುವುದಿಲ್ಲ. ಆದರೂ ತೊರೆಮಟ್ಟಿಯ ದಂಡೆಯಲ್ಲಿ ಒಂದು ಹರಿಗೋಲು ಇದೆ. ಬಿದಿರು ಮುರಿದರೆ ಹೊಸ ಬಿದಿರು, ಚರ್ಮ ಹರಿದರೆ ಹೊಸ ಚರ್ಮ, ಅಡಿವೆಪ್ಪನದೇ ಎನ್ನುತ್ತಾರೆ. ಆಟಕ್ಕೆ ಮೊದಲು ಊರಿನ ಆಟಗಾರರು ಮಜ್ಜಿಗೆ ಇಸಿದುಕೊಳ್ಳುವಾಗ ಎರಡೂ ಅಂಗೈ ಬಿಚ್ಚಿ ತೋರಿಸುತ್ತಾರೆ. ಹಾಕುವ ಹೆಂಗಸು ನೋಡಿ ತಲೆ ಆಡಿಸಿದರೆ ಮಾತ್ರ ಕಣಕ್ಕೆ ಇಳಿಯುತ್ತಾರೆ.

ಸೋತ ಮರುದಿನ ಇಡೀ ಊರು ದಂಡೆಗೆ ಬರುತ್ತದೆ. ಆಡಿದವರು ಹರಿಗೋಲಿನಲ್ಲಿ ದುಂಡಗೆ ಕೂರುತ್ತಾರೆ. ಹೇಳುವುದಿದ್ದವರು ಹತ್ತಿ ಹೇಳುತ್ತಾರೆ, ಕೇಳುವವರು ಕೇಳುತ್ತಾರೆ. ಹೊತ್ತು ಮುಳುಗಿದ ಮೇಲೆ ಆ ಮಾತು ಯಾರೂ ಆಡುವಂತಿಲ್ಲ. ಆಟದ ಮಾತಷ್ಟೇ ಅಲ್ಲ, ಆ ಸೀಮೆಯಲ್ಲಿ ಚಹಾದ ಅಂಗಡಿಯಲ್ಲಾಗಲಿ, ಮದುವೆಯ ಪಂಕ್ತಿಯಲ್ಲಾಗಲಿ, ಎದುರಿಗಿಲ್ಲದವನ ಮೇಲೆ ಯಾರಾದರೂ ಬಾಯಿ ಬಿಟ್ಟರೆ, ಪಕ್ಕದಲ್ಲಿ ಕೂತವರು ಬೇರೇನೂ ಹೇಳುವುದಿಲ್ಲ.

"ಹರಿಗೋಲು ಹತ್ತಿ ಹೇಳೋ," ಎನ್ನುತ್ತಾರೆ.