ಕೈಕಿಂಡಿ ಕೋಟೆ

ಕರೇಗುಡ್ಡದ ನೆತ್ತಿಯ ದುಂಡು ಕೋಟೆಗೆ ಗಾರೆಯ ಹಂಗಿಲ್ಲ. ಕಲ್ಲಿನ ಮೇಲೆ ಕಲ್ಲು ಕೂತು ನೂರಾರು ಮಳೆಗಾಲ ಕಳೆದರೂ ಗೋಡೆ ಜಗ್ಗಿಲ್ಲ. ಒಳಗೆ ಅಗೆದ ಪುರಾತತ್ವದವರಿಗೆ ಒಲೆಯ ಬೂದಿ, ಕುರಿಯ ಎಲುಬು, ಒಡೆದ ಮಡಕೆ ಸಿಕ್ಕವು. ಅವರನ್ನು ಕಾಡಿದ್ದು ಮೂಡಣ ಬಾಗಿಲು. ಅದನ್ನು ಒಳಗಿನಿಂದ ಕಲ್ಲೊಟ್ಟಿ ಮುಚ್ಚಲಾಗಿದೆ. ನಡುವೆ ತೋಳು ತೂರುವಷ್ಟು ಒಂದು ಕಿಂಡಿ. ಮಳೆನೀರು ಹರಿಯಲು ಬಿಟ್ಟದ್ದಿರಬಹುದು ಎಂದು ಬರೆದುಕೊಂಡು ಹೋದರು. ಎದೆಯೆತ್ತರದಲ್ಲಿ ನೀರು ಹರಿಯುವುದನ್ನು ಅವರೆಲ್ಲಿ ಕಂಡಿದ್ದರೋ. ಊರವರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಕುದುರೆ ದಂಡುಗಳು ಊರು ಸುಲಿಯುತ್ತಿದ್ದ ಕಾಲದಲ್ಲಿ, ಈ ಬಾಗಿಲು ಜಡೆಪ್ಪನೆಂಬ ಕುರುಬನ ಕಾವಲಿನಲ್ಲಿತ್ತು ಎನ್ನುತ್ತಾರೆ. ಬಯಲಲ್ಲಿ ಧೂಳೆದ್ದರೆ ಜನ, ಕುರಿ ಎಲ್ಲ ಕೋಟೆ ಸೇರಬೇಕು. ತಮ್ಮವರೆಲ್ಲ ಒಳಬಂದ ಮೇಲೆ ಮನೆಗೊಂದು ದೊಡ್ಡ ಕಲ್ಲು ಬಾಗಿಲಿಗೆ ಕೊಡಬೇಕು. "ಎಲ್ಲಾರೂ ಬಂದ್ರೇನು?" ಎಂದು ಕೇಳಿಯೇ ಜಡೆಪ್ಪ ಕಲ್ಲು ಕೂರಿಸುವನು. ಈ ಕಟ್ಟಳೆ ಮಾಡಿದವನೂ ಅವನೇ. ಹಾಗೆ ದಂಡು ಬಂದ ಒಂದು ದಿನ, ಹೆಂಡತಿ ಕೊನೆಯ ಕಲ್ಲು ತಂದಾಗ ಮಾತ್ರ ಅವನು ಕೇಳಲಿಲ್ಲ. ತನ್ನ ಮನೆಯವರನ್ನು ತಾನೇ ಕೇಳುವುದೇನು ಎಂದುಕೊಂಡ. ಮಗಳು ಹುಲಿಗೆವ್ವ ಅಜ್ಜಿಯ ಜೊತೆಗಿದ್ದಾಳೆಂದು ತಾಯಿ, ತಾಯಿಯ ಜೊತೆಗಿದ್ದಾಳೆಂದು ಅಜ್ಜಿ. ಅವಳೋ ಹಿಂದುಳಿದ ಕುರಿಮರಿಯನ್ನು ಹುಡುಕುತ್ತ ಕೆಳಗೇ ಉಳಿದಿದ್ದಳು. ಕಲ್ಲು ಕೂತ ಮೇಲೆ ಆಚೆಯಿಂದ ದನಿ ಬಂತು: "ಅಪ್ಪಾ, ನಾ ಹೊರಗ ಅದೀನಿ."

ಜಡೆಪ್ಪ ಕಲ್ಲಿಗೆ ಕೈ ಹಚ್ಚಿದ. ಬಾಗಿಲು ಬಿಚ್ಚಿದರೆ ಮತ್ತೆ ಒಟ್ಟಲು ಹೊತ್ತಿಲ್ಲವೆಂದು ಅವನಷ್ಟು ಬಲ್ಲವರು ಯಾರಿದ್ದರು? "ಜಡೆಪ್ಪ, ಒಳಗ ಊರಿಗೂರೇ ಐತಿ," ಎಂದ ಊರಗೌಡ, ಅವನ ಮುಖ ನೋಡಲಾರದೆ. ಅವಳನ್ನು ಗೋಡೆಯ ಮೇಲಿಂದ ಎಳೆದುಕೊಳ್ಳಲು ಬಾವಿಯ ಹಗ್ಗ ತರಲು ಓಡಿದವರು ಇನ್ನೂ ಬಂದಿರಲಿಲ್ಲ. ಕುದುರೆಗಳು ಗುಡ್ಡದ ಬುಡ ಮುಟ್ಟಿದ್ದವು. ಜಡೆಪ್ಪ ಸಂದಿಗೆ ತುರುಕಿದ್ದ ಸಣ್ಣ ಕಲ್ಲೊಂದನ್ನು ಕಿತ್ತು ತೋಳು ಚಾಚಿದ. ಮಗಳ ಕೈ ಸಿಕ್ಕಿತು, ಹಿಡಿದುಕೊಂಡ. ಊರನ್ನೆಲ್ಲ ಕಾದವನಿಗೆ ಅದೊಂದನ್ನು ಬಿಟ್ಟು ಏನೂ ಮಾಡಲಾಗಲಿಲ್ಲ.

"ಬಿಡಪ್ಪಾ, ಹಿಂಗ ಹಿಡಕೊಂಡ್ರ ನಾ ಓಡೂದು ಹೆಂಗ?" ಎಂದಳು ಹುಲಿಗೆವ್ವ. ಬಿಟ್ಟ. ಅವಳು ಕುರುಚಲು ಕಾಡಿನತ್ತ ಓಡಿದ ಸದ್ದು ಕೇಳಿಸಿತು, ಹಿಂದೆಯೇ ಕುದುರೆಗಳ ಸದ್ದೂ.

ಅವಳು ಮರಳಲಿಲ್ಲ. ದಂಡು ಹೋದ ಮೇಲೆ ಊರವರು ಬಾಗಿಲು ಬಿಚ್ಚಲು ಬಂದರೆ ಜಡೆಪ್ಪ ಅಡ್ಡ ನಿಂತ. "ಆಕಿ ಬಂದ್ರ ನನ್ನ ಕೈ ಹುಡುಕೂದು ಇಲ್ಲೇ," ಎಂದನಂತೆ. ಊರವರು ಪಡುವಣ ಗೋಡೆಯೊಡೆದು ದಾರಿ ಮಾಡಿಕೊಂಡರು. ಅಂದಿನಿಂದ ಇದು ಕೈಕಿಂಡಿ ಕೋಟೆ. ಇಂದಿಗೂ ನೋಡಬಂದವರು ಅರ್ಧ ಕೋಟೆ ಸುತ್ತಿಯೇ ಒಳಹೋಗಬೇಕು. ಕಿಂಡಿಯ ಒಳಬದಿಯ ಅಂಚು ಜಡೆಪ್ಪನ ತೋಳು ತಾಗಿ ತಾಗಿ ನುಣುಪಾಗಿದೆ. ಹೊರಬದಿಯ ಅಂಚು ಇನ್ನೂ ಒರಟಾಗಿಯೇ ಇದೆ.