ಏಟು ತಿಂದು ಉರಿಯುವ ಟಾರ್ಚು

ಟಾರ್ಚಿನ ಹುಚ್ಚಿದ್ದ ಯಮನೂರಪ್ಪ ಪೇಟೆಯಿಂದ ಹೊಸದೊಂದು ತಂದ. ಮೈಯೆಲ್ಲ ಮಿರಿಮಿರಿ, ಬೆಳಕು ಊರಾಚೆಗೆ ಮುಟ್ಟುವಂಥದ್ದು. ಆದರೆ ಕಾರ್ಖಾನೆಯಲ್ಲಿ ಅದರ ತಳದ ಸ್ಪ್ರಿಂಗಿಗೆ ಬೆಸುಗೆ ಹಾಕುವುದನ್ನೇ ಮರೆತಿದ್ದರು. ಹಾಗಾಗಿ ಟಾರ್ಚು ಆಗಾಗ ಆರುತ್ತಿತ್ತು. ಅಂಗೈಗೆ ಒಂದೇಟು ಬಡಿದರೆ ಮತ್ತೆ ಹೊತ್ತುತ್ತಿತ್ತು.

ಸ್ಪ್ರಿಂಗು ಹೇಳಿತು, "ಅಣ್ಣಾ, ನಾನು ಸಡಿಲ ಇದ್ದೇನೆ. ಒಡೆಯನಿಗೆ ತಿಳಿಸು, ಒಂದು ಚುಕ್ಕೆ ಬೆಸುಗೆ ಹಾಕಿಸಲಿ."

"ಸುಮ್ಮನಿರೋ," ಎಂದಿತು ಟಾರ್ಚು. "ತಿಳಿಸಿದರೆ ನನ್ನನ್ನು ಅಂಗಡಿಗೆ ವಾಪಸ್ ಕೊಟ್ಟು ಬೇರೊಂದನ್ನು ತರುತ್ತಾನೆ. ಏಟು ಬಿದ್ದರೆ ಉರಿಯುತ್ತೇನಲ್ಲ, ಇನ್ನೇನು ಬೇಕು? ಅವನಿಗೂ ರೂಢಿಯಾಗಿದೆ."

ರೂಢಿಯಾಗಿದ್ದು ನಿಜ. ಯಮನೂರಪ್ಪ ಬಂದವರ ಮುಂದೆ ಅದನ್ನು ಅಂಗೈಗೆ ಬಡಿದು, "ನಮ್ಮ ಹೋರಿ ಹೀಗೇ, ಹೊಡೆದರೇನೇ ಏಳೋದು," ಎಂದು ನಗುತ್ತಿದ್ದ.

ಒಂದು ದಿನ ಬಾವಿಗೆ ಕೊಡ ಬಿತ್ತು. ಯಮನೂರಪ್ಪ ಹಗ್ಗ ಹಿಡಿದು, ಕಲ್ಲಿನ ಸಂದಿಗೆ ಕಾಲಿಡುತ್ತ ಇಳಿದ. ಬಿಸಿಲು ಇಳಿಯದ ಆಳಕ್ಕೆ ಬಂದಾಗ ಒಂದು ಕೈಯಲ್ಲಿ ಹಗ್ಗವಿತ್ತು, ಇನ್ನೊಂದರಲ್ಲಿ ಟಾರ್ಚಿತ್ತು. ಅಲ್ಲೇ ಅದು ಆರಿತು. ಕತ್ತಲಲ್ಲಿ ಅವನ ಕಾಲು ಪಾಚಿಯ ಮೇಲೆ ಜಾರಿತು.

"ಒಡೆಯಾ, ಹೊಡಿ! ಒಂದೇ ಒಂದು ಏಟು!" ಎಂದು ಟಾರ್ಚು ಕೂಗಿತು.

"ಯಾವ ಕೈಯಿಂದ ಹೊಡೀಲೋ?" ಎಂದ ಯಮನೂರಪ್ಪ, ಟಾರ್ಚನ್ನು ಕೈಬಿಟ್ಟ.

ಬೀಳುತ್ತ ಕಲ್ಲಿಗೆ ಬಡಿದ ಏಟಿಗೆ ಟಾರ್ಚು ಝಗ್ಗನೆ ಹೊತ್ತಿಕೊಂಡು ಬಾವಿಯನ್ನೆಲ್ಲ ಬೆಳಗಿತು. ಅಷ್ಟರಲ್ಲಿ ಅವನು ಎರಡೂ ಕೈಯಿಂದ ಹಗ್ಗ ಹಿಡಿದು ಮೇಲೆ ಹೊರಟಾಗಿತ್ತು.