ಬೇಳೆಗೊಂದು ನೀರು, ಸೀಗಡಿಗೊಂದು ನೀರು

"ಅಜ್ಜಾರ, ಮನಸ್ಸು ಒಂದೀಟೂ ಕಲಕದಂಗ ಇರಬೇಕಂದ್ರ ಏನ್ ಮಾಡಬೇಕ್ರಿ?"

ಕೇಳಿದವನು ರಾಚಯ್ಯ. ಮಠದ ಶಿಷ್ಯರಲ್ಲಿ ಬಲು ಚುರುಕು, ಅಷ್ಟೇ ಸಿಡುಕು. ಪಕ್ಕದಲ್ಲಿ ಮಲಗುವವನ ಗೊರಕೆ ಅವನಿಗೆ ಆಗದು. ಅಡುಗೆಯ ನಾಗಮ್ಮನ ಬಾಯಿ ಆಗದು. ಓದುವಾಗ ತಪ್ಪು ಹಿಡಿದು ನಗುವ ಗೆಳೆಯನಂತೂ ಕಣ್ಣೆದುರಿಗೇ ಬರಬಾರದು. ಪ್ರಶ್ನೆಯ ಜೊತೆಗೆ ಅವನು ಉತ್ತರವನ್ನೂ ಕಟ್ಟಿಕೊಂಡೇ ಬಂದಿದ್ದ. ಸುತ್ತಿದ ಕಂಬಳಿ ಬಗಲಲ್ಲಿತ್ತು. ಮಠದ ಹಿಂದಿನ ಗುಡ್ಡದ ಗವಿಯಲ್ಲಿ ಒಬ್ಬನೇ ಇರಬೇಕು, ಯಾರ ಗಾಳಿಯೂ ಸೋಕಬಾರದು. ಅದಕ್ಕೆ ಅಪ್ಪಣೆ ಬೇಕಿತ್ತು.

ಮಠದ ಗುರುಗಳಾದ ಅಜ್ಜನವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಒಂದು ಕಲ್ಲು ಆರಿಸಿ ಎಸೆದು, "ಕುಂದ್ರು. ಗುಡ್ಡ ಎಲ್ಲಿ ಓಡಿ ಹೋಗತೈತಿ?" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆ ತೊಡಿಸುವುದು ಸುಲಭದ ಕೆಲಸವಲ್ಲ. ಹೆಂಗಸು ಕೈ ಬಿಗಿ ಹಿಡಿದರೆ ಬಳೆ ಒಡೆಯುತ್ತದೆ, ಗಾಜು ಚುಚ್ಚುತ್ತದೆ. ಸಡಿಲ ಬಿಡು ಎಂದಷ್ಟೂ ಕೈ ಬಿಗಿಯಾಗುತ್ತದೆ. ಒಮ್ಮೆ ಬಳೆ ತರಲು ಪಟ್ಟಣಕ್ಕೆ ಹೋದಾಗ ಅವನು ಒಂದು ಅಂಗಡಿಯಲ್ಲಿ ಸಿಹಿನೀರಿನ ಸೀಗಡಿಗಳನ್ನು ಕಂಡ. ತಿನ್ನುವ ಜಾತಿಯಲ್ಲ, ಸಾಕಿ ನೋಡುವ ಜಾತಿ. ಉಗುರಿನಷ್ಟು ಉದ್ದ, ಬಳೆಯ ಗಾಜಿನಷ್ಟೇ ಕೆಂಪು. ಬಳೆಗಾರ ಮನಸೋತ. ಕೊಂಡು ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟು, ಅಂಗಡಿಯ ಕಟ್ಟೆಯ ಮೇಲೆ ಇಟ್ಟ.

ಬಳೆ ತೊಡಲು ಬಂದವರೆಲ್ಲ ಸೀಗಡಿ ನೋಡಿದರು. ಅವು ಮುಂಗಾಲಿನಿಂದ ಪಾಚಿ ಹೆಕ್ಕಿ ಹೆಕ್ಕಿ ಬಾಯಿಗಿಡುವುದನ್ನು ನೋಡುತ್ತ ತಮ್ಮ ಕೈಯನ್ನೇ ಮರೆತರು. ಕೈ ಮರೆತಲ್ಲಿ ಬಳೆ ತಾನಾಗಿ ಏರಿತು. ಒಂದೂ ಒಡೆಯಲಿಲ್ಲ. ಬಳೆಗಾರನ ಹಿಗ್ಗಿಗೆ ಎಣೆಯೇ ಇರಲಿಲ್ಲ.

ಆ ಊರಿನ ಬಾವಿಯ ನೀರು ಗಡಸು. ಅದರಲ್ಲಿ ಬೇಳೆ ಬೇಯದು, ಸೋಪು ನೊರೆ ಕೊಡದು, ಹಂಡೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಊರವರೆಲ್ಲ ಆ ಬಾವಿಯನ್ನು ಬೈಯುವವರೇ, ಅದರ ನೀರನ್ನೇ ಕುಡಿಯುವವರೇ. ಆಗಷ್ಟೇ ಪಕ್ಕದ ಊರಿಗೆ ಫಿಲ್ಟರ್ ನೀರಿನ ಯಂತ್ರ ಬಂದಿತ್ತು. ಬಳೆಗಾರ ದಿನವೂ ಸೈಕಲ್ ತುಳಿದು ಒಂದು ಕ್ಯಾನು ನೀರು ತಂದ. ಸೈಕಲ್ಲಿಗೆ ಕೂರುತ್ತಿದ್ದದ್ದು ಒಂದೇ ಕ್ಯಾನು. ಅದು ಸೀಗಡಿಗಳ ಪಾಲು. ಬೆಳಗಾಗುತ್ತಲೇ ತೊಟ್ಟಿಯ ಅರ್ಧ ನೀರು ತೆಗೆದು ಹೊಸ ನೀರು ತುಂಬುವುದು ಅವನಿಗೆ ಪೂಜೆಯಂತಾಯಿತು.

ಬೇಳೆಗೆಂದು ಹೆಂಡತಿ ಒಂದು ತಂಬಿಗೆ ನೀರು ಕೇಳಿದಳು.

"ಮುಟ್ಟಬ್ಯಾಡ. ಅವು ಭಾಳ ನಾಜೂಕು ಜೀವ," ಎಂದ ಬಳೆಗಾರ.

"ಹೌದ್ರಿ, ಕಲ್ಲಿನಂಥಾ ಬ್ಯಾಳಿ ತಿನ್ನೂ ನಾವ ಕಲ್ಲು!" ಎಂದಳು ಹೆಂಡತಿ.

ಇಷ್ಟೆಲ್ಲ ಆದರೂ ಸೀಗಡಿಗಳು ಸಾಯತೊಡಗಿದವು. ಸತ್ತದ್ದರ ಕುತ್ತಿಗೆಯ ಸುತ್ತ ಒಂದು ಬಿಳಿ ಗೆರೆ ಕಾಣುತ್ತಿತ್ತು. ನೀರು ಇನ್ನೂ ಚೊಕ್ಕವಾಗಿಲ್ಲ ಎಂದುಕೊಂಡ ಬಳೆಗಾರ. ಫಿಲ್ಟರ್ ನೀರನ್ನೇ ಮಡಿಬಟ್ಟೆಯಲ್ಲಿ ಮತ್ತೆ ಸೋಸಿದ. ಇನ್ನಷ್ಟು ಸತ್ತವು. ಅತ್ತ ಹೆಂಗಸರ ಕೈ ಮತ್ತೆ ಬಿಗಿಯಾಯಿತು, ಬಳೆ ಮತ್ತೆ ಒಡೆಯಿತು. ಕೊನೆಗೆ ತೊಟ್ಟಿಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಹೆಣ್ಣು ಹೊಟ್ಟೆಯಡಿಯಲ್ಲಿ ಗಸಗಸೆಯಂಥ ಮೊಟ್ಟೆಗಳನ್ನು ಹೊತ್ತಿತ್ತು. ಇದೊಂದು ಉಳಿದರೆ ವಂಶ ಉಳಿಯಿತು ಎಂದು ಬಳೆಗಾರ ಕಂಡ ದೇವರಿಗೆಲ್ಲ ಹರಕೆ ಹೊತ್ತ.

ಅದೇ ದಿನಗಳಲ್ಲಿ ಹೆಂಡತಿ ಒಂದು ಕಳ್ಳತನ ಮಾಡಿದಳು. ಗಂಡ ಅಂಗಡಿಯಲ್ಲಿದ್ದಾಗ ಕ್ಯಾನಿನಿಂದ ಒಂದು ತಂಬಿಗೆ ನೀರು ತೆಗೆದು ಬೇಳೆಗೆ ಹಾಕಿದಳು. ಕ್ಯಾನು ಖಾಲಿ ಕಾಣಬಾರದೆಂದು ಒಂದು ತಂಬಿಗೆ ಬಾವಿ ನೀರು ತುಂಬಿಟ್ಟಳು. ಬೇಳೆ ಬೆಣ್ಣೆಯಂತೆ ಬೆಂದಿತು. ಬಳೆಗಾರ ಎರಡು ರೊಟ್ಟಿ ಹೆಚ್ಚಿಗೆ ತಿಂದ. "ಏನ್ ಹಾಕಿದಿ ಇದಕ್ಕ?" ಎಂದು ಕೇಳಿದ. "ಕೈಗುಣಾರೀ," ಎಂದಳು ಅವಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸಿಕ್ಕಿಬೀಳುವ ಅಂಜಿಕೆಯಿಂದ ಅವಳು ಒಮ್ಮೆಲೇ ಕೈ ಚಾಚಲಿಲ್ಲ. ಒಂದು ತಂಬಿಗೆ ಎಷ್ಟೋ ದಿನಗಳ ಮೇಲೆ ಎರಡಾಯಿತು. ಬರಬರುತ್ತ ಕ್ಯಾನಿನ ಅರ್ಧ ಬಾವಿಯ ನೀರೇ ಆಯಿತು. ಸೀಗಡಿಗಳು ಸಾಯುವುದು ನಿಂತಿತು. ಎಲ್ಲ ತನ್ನ ಮಡಿಬಟ್ಟೆಯ ಮಹಿಮೆ ಎಂದು ಬಳೆಗಾರ ಮೀಸೆ ತಿರುವಿದ.

ಒಂದು ಬೆಳಿಗ್ಗೆ ಹೊಸ ರವಿಕೆ ತೊಡಿಸುವ ಕುಬಸದ ಶಾಸ್ತ್ರಕ್ಕೆ ಹಸಿರು ಬಳೆ ತೊಡಲು ಬಸುರಿಯೊಬ್ಬಳು ಅಂಗಡಿಗೆ ಬಂದಳು. ಬಳೆಗಾರ ಬಾಗಿಲು ತೆಗೆದು ತೊಟ್ಟಿ ನೋಡಿದ. ಮೊಟ್ಟೆ ಹೊತ್ತಿದ್ದ ಸೀಗಡಿ ತಳದಲ್ಲಿ ಅಂಗಾತ ಬಿದ್ದಿತ್ತು. ಬಣ್ಣವಿಲ್ಲ, ಹೊಟ್ಟೆಯಡಿಯಲ್ಲಿ ಮೊಟ್ಟೆಯೂ ಇಲ್ಲ. ಅವನು ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ಅಳು ಕೇಳಿ ಹೆಂಡತಿ ಓಡಿಬಂದಳು. ತೊಟ್ಟಿಯ ತಳ ನೋಡಿದಳು.

"ನಾನ ಕೊಂದೀನ್ರೀ ಅದನ್ನ! ಬ್ಯಾಳಿ ಆಸೇಕ ನಿಮ್ಮ ನೀರು ತಗೊಂಡು ಬಾವಿ ನೀರು ತುಂಬಿ ಇಡತಿದ್ನಿ," ಎಂದು ಗಂಡನ ಕಾಲು ಹಿಡಿದಳು.

ಗಂಡ ಹೆಂಡತಿ ಇಬ್ಬರೂ ಅಳುತ್ತಿದ್ದಾಗ ಬಸುರಿ ಹೆಂಗಸು ತೊಟ್ಟಿಯೊಳಗೆ ಇಣುಕಿದಳು. ಇಣುಕಿದವಳು ನಗತೊಡಗಿದಳು.

"ಕಾಕಾ, ಅಳಬ್ಯಾಡ್ರಿ. ಇದು ಬರೇ ಕುಬಸ. ತೊಟ್ಟಾಕಿ ಅಲ್ಲಿ ಅದಾಳ ನೋಡ್ರಿ!"

ಬಿದ್ದಿದ್ದದ್ದು ಕಳಚಿದ ಚಿಪ್ಪು. ಕಲ್ಲಿನ ಮರೆಯಲ್ಲಿ ಸೀಗಡಿ ಹೊಸ ಚಿಪ್ಪು ತೊಟ್ಟು ಕೂತಿತ್ತು, ಹಿಂದೆಂದಿಗಿಂತ ಕೆಂಪಾಗಿ. ಅದರ ಸುತ್ತ, ಪಾಚಿಯ ಮೇಲೆ, ಗಾಜಿನ ಮೇಲೆ, ಎಳ್ಳಿಗಿಂತ ತೆಳ್ಳಗಿನ ಮರಿಗಳು ಓಡಾಡುತ್ತಿದ್ದವು. ಎಣಿಸಹೋದರೆ ಲೆಕ್ಕ ತಪ್ಪುತ್ತಿತ್ತು. ಮೂವರೂ ತೊಟ್ಟಿಗೆ ಮೂಗು ಹಚ್ಚಿ ನೋಡಿದರು. ನೋಡುತ್ತಲೇ ಬಳೆಗಾರ ಬಸುರಿಯ ಎರಡೂ ಕೈ ತುಂಬ ಹಸಿರು ಬಳೆ ಏರಿಸಿದ. ಅವಳಿಗೆ ಗೊತ್ತೇ ಆಗಲಿಲ್ಲ.

ಸೀಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಬಿಡಬೇಕು, ಹೊಸದು ಕಟ್ಟಬೇಕು. ಚಿಪ್ಪಿಗೆ ಸುಣ್ಣ ಬೇಕು. ಯಂತ್ರವು ಕೊಳೆಯ ಜೊತೆ ಸುಣ್ಣವನ್ನೂ ಸೋಸಿಬಿಟ್ಟಿತ್ತು. ಚೊಕ್ಕ ನೀರಿನಲ್ಲಿ ಆ ಬಡಜೀವಗಳು ಹಳೆಯದನ್ನು ಬಿಡಲಾರದೆ, ಹೊಸದನ್ನು ತೊಡಲಾರದೆ ಕುತ್ತಿಗೆಯ ಬಳಿ ಬಿರುಕುಬಿಟ್ಟು ಸತ್ತಿದ್ದವು. ಊರೆಲ್ಲ ಬೈದ ಬಾವಿಯಲ್ಲೇ ಅವುಗಳ ಮದ್ದಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಹಾಗೆ. ಬಳೆಗಾರನ ಹೆಂಡತಿ ಧೈರ್ಯಸ್ಥೆಯಾಗಿ ಒಂದೇ ದಿನ ಕೊಡ ಬಾವಿ ನೀರು ಸುರಿದಿದ್ದರೂ ಅವು ಉಳಿಯುತ್ತಿರಲಿಲ್ಲ. ನೀರು ದಿಢೀರನೆ ಬದಲಾದರೆ ಅವು ತಾಳಲಾರವು. ಅವಳ ಅಂಜಿಕೆಯೇ ಅವುಗಳನ್ನು ಕಾಯಿತು. ಅಂದಿನಿಂದ ಸೈಕಲ್ಲಿನ ಕ್ಯಾನು ಅಡುಗೆಮನೆಗೆ ಹೋಯಿತು, ಬಾವಿಯ ನೀರು ತೊಟ್ಟಿಗೆ ಬಂತು. ಬೇಳೆಯೂ ಬೆಂದಿತು, ಸೀಗಡಿಯೂ ಬೆಳೆಯಿತು.

ಕತೆ ಮುಗಿಯಿತು. ರಾಚಯ್ಯ ನಕ್ಕು ನಕ್ಕು ಕಂಬಳಿಯನ್ನು ನೆಲಕ್ಕೆ ಜಾರಿಸಿಬಿಟ್ಟಿದ್ದ. ಬೇಳೆ ಇನ್ನೂ ಹಸನಾಗಲಿಲ್ಲವೇ ಎಂದು ಒಳಗಿನಿಂದ ನಾಗಮ್ಮ ಕೂಗುತ್ತಿದ್ದಳು. ಅಜ್ಜನವರು ಮೊರ ಬದಿಗಿಟ್ಟು, ತಾವೇ ಕಂಬಳಿ ಎತ್ತಿ ಶಿಷ್ಯನ ಬಗಲಿಗೆ ಸಿಕ್ಕಿಸಿದರು.

"ಹೋಗಿ ಬಾರಪಾ, ಗವಿಯೊಳಗ ಎಲ್ಲಾ ಚೊಕ್ಕ ಐತಿ, ಸುಣ್ಣಕ್ಕಂತ ಇಲ್ಲಿಂದ ಯಾರನ್ನ ಕರಕೊಂಡು ಹೋಗ್ತೀ, ಗೊರಕಿ ಹೊಡಿಯೂವನನ್ನೋ, ನಾಗಮ್ಮನನ್ನೋ?"